ಬುಡ್ತು ಅನ್ನು

ಮೊನ್ನೆ ಬೆಳಿಗ್ಗೆ ಮೊಮ್ಮಗಳು ಇಡ್ಲಿ ಮುರಿಯುತ್ತಾ, "ನಾಗಮಂಗಲದ ತಾತನ ಆಪರೇಷನ್ ಚೆನ್ನಾಗೇ ಆಗತ್ತೆ ಅಜ್ಜಿ, ಟಚ್ ವುಡ್" ಅಂದವಳೇ ಊಟದ ಮೇಜನ್ನು ಎರಡು ಸಲ ಕುಟ್ಟಿದಳು. ನನಗೆ ಎಲ್ಲಿತ್ತೋ ಸಿಟ್ಟು. "ಅದು ಪ್ಲಾಸ್ಟಿಕ್ಕು ಕಣೇ, ಮರ ಅಲ್ಲ" ಅಂದೆ. "ಅಯ್ಯೋ, ಸುಮ್ನೆ ಮಾತಿಗೆ ಅನ್ನೋದು ಅಜ್ಜಿ" ಅಂದಳು. ಮಾತಿಗೆ ಅನ್ನೋದಂತೆ! ಈ ಟಚ್ ವುಡ್ ಅನ್ನುವುದು ಕ್ರೈಸ್ತರು ಶಿಲುಬೆಯ ಮರ ಮುಟ್ಟುತ್ತಿದ್ದುದರಿಂದ ಬಂದದ್ದು ಅಂತ ನಮ್ಮ ಸ್ಕೂಲಿನ ಇಂಗ್ಲಿಷ್ ಮೇಡಂ ಒಮ್ಮೆ ಹೇಳಿದ್ದರು. ಇನ್ಯಾರೋ, ಅಲ್ಲ, ಅದು ಮರದೊಳಗೆ ದೇವರು ಇದ್ದಾನೆ ಅಂತ ನಂಬಿದ್ದವರ ಕಾಲದ್ದು ಅಂದಿದ್ದರು. ಎಲ್ಲಿಂದಲಾದರೂ ಬಂದಿರಲಿ, ನನಗೇನು? ನನ್ನ ಕಿವಿಗೆ ಅದು ನಮ್ಮಜ್ಜಿಯ "ಬುಡ್ತು ಅನ್ನು" ಅನ್ನೋದೇ. ಬಟ್ಟೆ ಬದಲಾಯಿಸಿಕೊಂಡು ಬಂದು ಪಾಂಡವಪುರದ ನನ್ನ ಅಡಿಗೆಮನೆಯಲ್ಲಿ ಕೂತಿದೆ, ಅಷ್ಟೇ. ಆ ಒಂದು ಮಾತನ್ನು ನಾನು ಹನ್ನೊಂದು ವರ್ಷದವಳಿದ್ದಾಗ ಅಂದೆ. ಅಂದಿದ್ದಕ್ಕೆ ನಮ್ಮ ಚಿಕ್ಕಪ್ಪನ ಎಡಗಣ್ಣು ಹೋಯಿತು. ಈಗ ಆಪರೇಷನ್ ಆಗಬೇಕಾಗಿದ್ದು ಉಳಿದಿರುವ ಬಲಗಣ್ಣಿಗೆ.

ನಾಗಮಂಗಲದಲ್ಲಿ ನಮ್ಮದು ಎರಕ ಹೊಯ್ಯುವ ಆಚಾರಿಗಳ ಮನೆ. ಸುತ್ತಮುತ್ತಲ ಗುಡಿಗಳ ಗಂಟೆ, ದೀಪದ ಕಂಬ, ಮಂಗಳಾರತಿ ತಟ್ಟೆ ಎಲ್ಲ ನಮ್ಮ ಹಿತ್ತಿಲಲ್ಲಿ ಹುಟ್ಟುತ್ತಿದ್ದವು. ಮುಂದೆ ಜಗುಲಿ, ಒಳಗೆ ಕತ್ತಲ ಪಡಸಾಲೆ, ಅದರ ಎಡಕ್ಕೆ ಕಾಳಮ್ಮನ ಪಟ ಇಟ್ಟ ದೇವರಕೋಣೆ, ಆಮೇಲೆ ಅಡಿಗೆಮನೆ, ಹಿತ್ತಿಲ ಬಾಗಿಲು ದಾಟಿದರೆ ಹೆಂಚಿನ ಮಾಡಿನ ಕುಲುಮೆ. ಅಪ್ಪ, ಚಿಕ್ಕಪ್ಪ ಅಲ್ಲಿ. ಅವ್ವ, ನಾನು ಮಣ್ಣು ಕಲಸುವಾಗ ಅಲ್ಲಿ, ಉಳಿದ ಹೊತ್ತು ಒಲೆ ಮುಂದೆ. ಅಜ್ಜಿ ಮಾತ್ರ ಎಲ್ಲಾ ಕಡೆ. ನಾವು ಪಡಸಾಲೆಯಲ್ಲಿ ಕೂತು ಮುದ್ದೆ ನುಂಗುತ್ತಿದ್ದರೂ ಕುಲುಮೆಯಲ್ಲಿ ಯಾರು ಏನಂದರು ಅನ್ನುವುದು ಅವಳಿಗೆ ಕೇಳಿಸುತ್ತಿತ್ತು. ಬೇರೆಯವರ ಮನೆಯಲ್ಲಿ ಬಟ್ಟೆಗೆ, ನೀರಿಗೆ ಮಡಿ. ನಮ್ಮ ಮನೆಯಲ್ಲಿ ಮಾತಿಗೆ ಮಡಿ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಳೆ ಒಡೀತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಅರಿಶಿನ ಮುಗಿದುಹೋದರೂ ಹೆಚ್ಚಿದೆ ಅಂತಲೇ ಅಂಗಡಿಗೆ ಹೋಗಬೇಕು. ಹಾವು ಕಂಡರೆ ಹುಳ. ಹೊರಡುವಾಗ ಹೋಗ್ತೀನಿ ಅಂದರೆ ಬೆನ್ನಿಗೆ ಗುದ್ದು, ಬತ್ತೀನಿ ಅನ್ನಬೇಕು. ಇದೆಲ್ಲ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ದೇವರ ಗಂಟೆ ಹೊಯ್ಯುವ ಮನೆಯಲ್ಲವೇ, ನಮಗೆ ಒಂದು ತೂಕ ಜಾಸ್ತಿ. ನಮ್ಮ ಹಿತ್ತಿಲ ಮೇಲೆ ಅಸ್ತು ದೇವತೆಗಳು ಸದಾ ತಿರುಗುತ್ತಿರುತ್ತಾರಂತೆ, ಯಾರು ಏನು ಅಂದರೂ ಮೇಲಿಂದ 'ಅಸ್ತು' ಅಂದುಬಿಡುತ್ತಾರಂತೆ. ಅವರಿಗೇನು ಬೇರೆ ಕೆಲಸ ಇರಲಿಲ್ಲವೋ ಅಂತ ನನಗೆ ಆಗಲೇ ಅನಿಸುತ್ತಿತ್ತು. ಹಾಗಂದರೂ ತಪ್ಪು. ಕೆಟ್ಟ ಮಾತು ಬಾಯಿಂದ ಜಾರಿದರೆ ಒಂದೇ ದಾರಿ. ಅಜ್ಜಿ "ಬುಡ್ತು ಅನ್ನು" ಅಂತ ಕಿರಿಚುತ್ತಿದ್ದಳು, ನಾವು ತಕ್ಷಣ "ಬುಡ್ತು" ಅನ್ನಬೇಕಿತ್ತು. ಅಂದರೆ ಆಡಿದ ಮಾತು ನಮ್ಮನ್ನು ಬಿಟ್ಟುಹೋಯಿತು, ಆಡಲೇ ಇಲ್ಲ ಅಂತ ಲೆಕ್ಕ.

ಇಂಥ ಮನೆಯಲ್ಲಿ ನಾನು ನಾಲಿಗೆಯ ಮೇಲೆ ಕಪ್ಪು ಮಚ್ಚೆ ಇಟ್ಟುಕೊಂಡು ಹುಟ್ಟಿದೆ. ನನ್ನ ಗ್ರಹಚಾರ. ಕರಿನಾಲಿಗೆಯವರು ಅಂದದ್ದು ಆಗಿಯೇ ತೀರುತ್ತದೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಮೂರು ವರ್ಷದವಳಿದ್ದಾಗ ಪಕ್ಕದ ಮನೆ ಕರು ನೋಡಿ "ಇದು ಬಿದ್ದೋಗ್ತದೆ" ಅಂದೆನಂತೆ, ಎರಡು ದಿನಕ್ಕೆ ಅದು ಸತ್ತಿತಂತೆ. ಆ ಕರು ಹುಟ್ಟಿದಾಗಿನಿಂದ ಎದ್ದೇ ನಿಂತಿರಲಿಲ್ಲ ಅಂತ ಅವ್ವ ಆಮೇಲೆ ನನಗೆ ಹೇಳಿದಳು. ಆ ಮಾತು ಯಾರಿಗೂ ಬೇಡವಾಗಿತ್ತು. ಅಲ್ಲಿಂದ ಮನೆಯಲ್ಲಿ ಶುಭಕಾರ್ಯ ಅಂದರೆ ನನಗೆ ಒಂದು ಬೆಲ್ಲದ ಉಂಡೆ. ಪ್ರೀತಿಗಲ್ಲ. ಬಾಯಿ ತುಂಬಿರಲಿ ಅಂತ.

ವಿಚಿತ್ರ ಅಂದರೆ ಅದೇ ನಾಲಿಗೆ ಅಪ್ಪನ ಕೆಲಸಕ್ಕೆ ಬೇಕಾಗಿತ್ತು. ಗಂಟೆ ಟೊಳ್ಳು ತಾನೆ? ಮೊದಲು ಒಳಗಿನ ಮಣ್ಣಿನ ಗುಡ್ಡೆ ಮಾಡಬೇಕು. ಅದರ ಮೇಲೆ ಗಂಟೆಯ ದಪ್ಪಕ್ಕೆ ಮೇಣ ಮೆತ್ತಬೇಕು, ಮೇಣದ ಮೇಲೆ ಮತ್ತೆ ಮಣ್ಣು. ನೆರಳಲ್ಲಿ ಒಣಗಿಸಿ, ಕೊನೆಗೆ ಕಾಯಿಸಿದರೆ ಮೇಣ ಕರಗಿ ಸೋರಿಹೋಗುತ್ತದೆ, ಆ ಜಾಗಕ್ಕೆ ಕಾದ ಕಂಚು ಹೊಯ್ಯಬೇಕು. ಒಳಗಿನ ಮಣ್ಣು ಎಲ್ಲಕ್ಕಿಂತ ಕೊನೆಗೆ ಒಣಗುವಂಥದ್ದು, ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಅಪ್ಪ ನನಗೆ ಒಂದು ಉಪಾಯ ಕಲಿಸಿದ್ದ. ಅಚ್ಚಿನ ತಳದಿಂದ ಕಡ್ಡಿಯಲ್ಲಿ ಕೆದಕಿ ಒಂದು ಚೂರು ಮಣ್ಣು ತೆಗೆದು ನಾಲಿಗೆಗೆ ಇಡುವುದು.

"ಕಚ್ಕಂಡ್ರೆ ಒಣಗ್ಯದೆ. ಜಾರುದ್ರೆ ಹಸಿ. ನಾಲ್ಗೆ ಸುಳ್ಳೇಳಕ್ಕಿಲ್ಲ ಕಣವ್ವ."

ಅಪ್ಪ, ಚಿಕ್ಕಪ್ಪ ಇಬ್ಬರೂ ಎಲೆಯಡಿಕೆ ಜಗಿದು ಜಗಿದು ನಾಲಿಗೆ ಸುಟ್ಟುಕೊಂಡಿದ್ದರು. ನನ್ನದು ಶುದ್ಧ. ಕೆರೆಮಣ್ಣು, ಸಗಣಿ, ಹೊಟ್ಟು ಬೆರೆತ ಆ ಮಣ್ಣಿನ ರುಚಿ ಈಗಲೂ ನನ್ನ ಬಾಯಲ್ಲಿದೆ. ಒಣಗಿದ ಚೂರು ನಾಲಿಗೆಯನ್ನು ಸೆಳೆದು ಹಿಡಿಯುತ್ತಿತ್ತು, ಬಿಡಿಸಿದರೆ ಚುರ್ ಅನ್ನುತ್ತಿತ್ತು. ಹೋಗಿ "ಕಚ್ತು ಕಣಪ್ಪ" ಅಂದರೆ ಅಪ್ಪನ ಮುಖ ಅರಳುತ್ತಿತ್ತು. ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಅದೊಂದೇ ಕಡೆ. ನಾನು ಅದಕ್ಕಾಗಿಯೇ ಕಾಯುತ್ತಿದ್ದೆ.

ಆ ವರ್ಷ ಶ್ರಾವಣದಲ್ಲಿ ಹತ್ತಿರದ ಒಂದು ಊರಿನವರ ಈಶ್ವರನ ಗುಡಿಗೆ ದೊಡ್ಡ ಗಂಟೆ ಹೊಯ್ದುಕೊಡಲು ಅಪ್ಪ ಒಪ್ಪಿಕೊಂಡಿದ್ದ. ನಮ್ಮ ಮನೆಯಲ್ಲಿ ಅಷ್ಟು ದೊಡ್ಡದು ಅದೇ ಮೊದಲು. ಜಡಿ ಹಿಡಿದಿತ್ತು, ಹದಿನೈದು ದಿನ ಬಿಸಿಲ ಮುಖ ಕಂಡಿರಲಿಲ್ಲ. ಊರಿನವರು ಸೋಮವಾರವೇ ಆಗಬೇಕು ಅಂತ ಕೂತರು. ಸರಿ, ಸೋಮವಾರ ಬೆಳಿಗ್ಗೆ ಮನೆಯೆಲ್ಲ ಸಾರಿಸಿ, ಕುಲುಮೆಗೆ ಮಾವಿನ ಸೊಪ್ಪು ಕಟ್ಟಿ, ಹೊಯ್ಯುವ ತನಕ ಯಾರೂ ಏನೂ ತಿನ್ನಬಾರದು ಅಂತ ಖಾಲಿ ಹೊಟ್ಟೆಯಲ್ಲಿ ಓಡಾಡುತ್ತಿದ್ದೆವು. ಅವ್ವ ಒಲೆಯ ಮೇಲೆ ಹೆಸರುಬೇಳೆ ಪಾಯಸಕ್ಕಿಟ್ಟಿದ್ದಳು. ನಾನು ಯಾರೂ ಹೇಳದಿದ್ದರೂ ರೂಢಿಯಂತೆ ನೆರಳಲ್ಲಿ ಇಟ್ಟಿದ್ದ ಅಚ್ಚಿನ ಹತ್ತಿರ ಹೋಗಿ, ತಳ ಕೆದಕಿ ಚೂರು ಬಾಯಿಗಿಟ್ಟೆ. ಜಾರಿತು. ಇನ್ನೊಂದು ಕಡೆ ಕೆದಕಿದೆ. ಅದೂ ಜಾರಿತು, ಬಾಯಲ್ಲಿ ಕೆಸರಾಯಿತು. ಓಡಿಬಂದೆ. ಬರುವ ಹೊತ್ತಿಗೆ ಅಪ್ಪ ಕುಲುಮೆಗೆ ಮಂಗಳಾರತಿ ಎತ್ತಿದ್ದ. ಆ ಊರಿನ ಯಜಮಾನರು ನಾಲ್ಕು ಜನ ಕೈಮುಗಿದು ನಿಂತಿದ್ದರು. ನಾನು ತಡೆದುಕೊಳ್ಳಲಿಲ್ಲ.

"ಅಪ್ಪ, ಒಳಗಿನ ಮಣ್ಣು ಒಣಗಿಲ್ಲ. ಜಾರ್ತು. ಒಡೀತದೆ ಕಣಪ್ಪ."

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುತ್ತಾರಲ್ಲ, ಹಾಗಾಯಿತು. ಆರತಿಯ ಗಂಟೆ ಅಲ್ಲಾಡಿಸುತ್ತಿದ್ದ ಚಿಕ್ಕಪ್ಪನ ಕೈ ನಿಂತಿತು. ಯಜಮಾನರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಎಲ್ಲಿದ್ದಳೋ, ಬಂದು ನನ್ನ ತೋಳು ಹಿಡಿದಳು.

"ಮಂಗ್ಳಾರತಿ ಹೊತ್ನಲ್ಲಿ ಎಂಥ ಮಾತಾಡ್ತಿಯೇ ಮೂದೇವಿ! ಬುಡ್ತು ಅನ್ನು!"

"ಜಾರ್ತು ಕಣಜ್ಜಿ, ಎಲ್ಡು ಸಲ ನೋಡ್ದೆ..."

"ಬುಡ್ತು ಅನ್ನು ಅಂದೆ!"

ನಾನು ಅಪ್ಪನ ಮುಖ ನೋಡಿದೆ. ನಾಲಿಗೆ ಸುಳ್ಳು ಹೇಳುವುದಿಲ್ಲ ಅಂದವನು ಅವನೇ ತಾನೆ? ತಟ್ಟೆ ಹಿಡಿದುಕೊಂಡು ಅವನು ನೆಲ ನೋಡುತ್ತಿದ್ದ. "ಬೆಂಕಿಗಿಟ್ಟಾಗ ಒಣಗ್ತದೆ ಬುಡು" ಅಂದ, ನನಗಲ್ಲ, ಯಜಮಾನರಿಗೆ. ಚಿಕ್ಕಪ್ಪನ ಮುಖ ನೋಡಿದೆ. ಅವನು ಆಚೆ ತಿರುಗಿಕೊಂಡ. ಅಜ್ಜಿಯ ಉಗುರು ತೋಳಿಗೆ ಇಳಿಯುತ್ತಿತ್ತು.

"ಬುಡ್ತು" ಅಂದೆ.

ಅಷ್ಟೇ. ಎಲ್ಲರಿಗೂ ಉಸಿರು ಬಂತು. ಅಜ್ಜಿ ನನ್ನ ಬಾಯಿಗೆ ಬೆಲ್ಲ ತುರುಕಿ ಅಡಿಗೆಮನೆಗೆ ತಳ್ಳಿ ಅಗುಳಿ ಹಾಕಿದಳು. ನಾನು ಬೆಲ್ಲ ಚೀಪುತ್ತಾ ಕೂತೆ. ಇದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ: ಬೆಲ್ಲ ಚೆನ್ನಾಗಿತ್ತು, ನಾನು ಹಸಿದಿದ್ದೆ. ಮಧ್ಯಾಹ್ನ ಕಂಚು ಕರಗಿಸಿದ ಮೂಸೆ ಎತ್ತಿ ಹೊಯ್ದದ್ದು ಸದ್ದಿನಲ್ಲೇ ಗೊತ್ತಾಯಿತು. ಮೊದಲು ಗುಳುಗುಳು ಅಂತು. ಆಮೇಲೆ ಬಾವಿಗೆ ಬಂಡೆ ಬಿದ್ದ ಹಾಗೆ ಒಂದು ಸದ್ದು, ಹೆಂಚು ಸಿಡಿದದ್ದು, ಆಮೇಲೆ ಚಿಕ್ಕಪ್ಪನ ಕೂಗು. ಕತ್ತಿನ ಮೇಲೆ, ಎದೆಯ ಮೇಲೆ, ಎಡಗಣ್ಣೊಳಗೆ ಕಂಚು ಸಿಡಿದಿತ್ತು. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಆ ಮನೆಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದವನು ಅವನೊಬ್ಬನೇ.

ಸಂಜೆಗೆ ಕಥೆ ಸಿದ್ಧವಾಗಿತ್ತು. ಒಡೀತದೆ ಅಂದಳು, ಒಡೀತು. ಮಣ್ಣು ಹಸಿ ಇತ್ತು ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಬಂದರೆ ಅಪ್ಪನ ತಪ್ಪಾಗುತ್ತಿತ್ತು, ಸೋಮವಾರವೇ ಬೇಕೆಂದ ಯಜಮಾನರ ತಪ್ಪಾಗುತ್ತಿತ್ತು, ದೇವರ ಕೆಲಸಕ್ಕೆ ಕುಂದಾಗುತ್ತಿತ್ತು. ನನ್ನ ನಾಲಿಗೆಯಾದರೆ ಯಾರಿಗೂ ತೊಂದರೆಯಿಲ್ಲ. "ಬುಡ್ತು ಅಂದೆನಲ್ಲ!" ಅಂತ ನಾನು ಅತ್ತೆ. ಅಜ್ಜಿಗೆ ಅದಕ್ಕೂ ಉತ್ತರವಿತ್ತು: ಬಾಯಲ್ಲಿ ಅಂದಳು, ಮನಸ್ಸಲ್ಲಿ ಅನ್ನಲಿಲ್ಲ. ಬೇವಿನ ಸೊಪ್ಪು ಅರೆದು ತಂದು ನನ್ನ ನಾಲಿಗೆ ಹೊರಕ್ಕೆಳೆದು ಮಚ್ಚೆಯ ಮೇಲೆ ತಿಕ್ಕಿದಳು. ಹದಿನೈದು ದಿನ, ಎರಡು ಹೊತ್ತು. ಒಂದು ದಿನ ಅವ್ವನಿಗೆ ತಡೆಯಲಾಗಲಿಲ್ಲ. ಮುದ್ದೆ ತೊಳಸುತ್ತಿದ್ದ ಕೋಲು ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಮನೇಲಿ ನಾಲ್ಗೆ ಒಂದೇ ಅಲ್ಲ ಅತ್ತೆಮ್ಮ, ಕಿವೀನೂ ನೆಟ್ಟಗಿರ್ಬೇಕು."

ಗೋಡೆಗೆ ಒರಗಿದ್ದ ಅಪ್ಪ ಕೇಳಿಸಿಕೊಂಡ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ನಾನು ಕಾದೆ. "ಸುಮ್ಕಿರು, ಒಲೆ ನೋಡೋಗು" ಅಂದ ಅವ್ವನಿಗೆ. ಗಂಟೆ ಹೊಯ್ದ ದಿನ ಪಾಯಸ ಪಾತ್ರೆಯಲ್ಲಿ ಹಾಗೇ ಹಳಸಿತ್ತು, ದೇವರ ಹೆಸರಲ್ಲಿ ಮಾಡಿದ್ದನ್ನು ಚೆಲ್ಲುವ ಹಾಗಿಲ್ಲ ಅಂತ ಅವ್ವ ಹಿತ್ತಿಲ ಕರಿಬೇವಿನ ಬುಡಕ್ಕೆ ಸುರಿದಿದ್ದಳು. ಅಪ್ಪ ಅವ್ವನ ಬಾಯಿ ಮುಚ್ಚಿಸಿದ ದಿನ ಅವನ ಮೇಲೆ ನನಗಿದ್ದ ನಂಬಿಕೆಯೂ ಅಲ್ಲಿಗೇ ಹೋಯಿತು. ಎಳ್ಳುನೀರು ಬಿಟ್ಟೆ ಅಂತ ಬೇಕಾದರೆ ಅನ್ನಿ, ನಾನಂತೂ ಬಿಟ್ಟೆ.

ಗೌರಿಹಬ್ಬ ಕಳೆದ ಮೇಲೆ ನನ್ನನ್ನು ಕೆ.ಆರ್.ಪೇಟೆಯ ಸೋದರತ್ತೆ ಮನೆಗೆ ಕಳಿಸಿದರು, ಓದಲಿ ಅಂತ. ಓದಲಿ ಅಂತಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊರಡುವ ದಿನ ಅಜ್ಜಿ ಹೊಸಿಲ ಮೇಲೆ ನಿಂತಿದ್ದಳು. ಟ್ರಂಕು ಹಿಡಿದುಕೊಂಡು ಅವಳ ಮುಖ ನೋಡಿಕೊಂಡೇ "ಹೋಗ್ತೀನಿ" ಅಂದೆ. ಬೇಕಂತಲೇ ಅಂದೆ. ಬೈಯುತ್ತಾಳೆ, ಬುಡ್ತು ಅನ್ನು ಅಂತಾಳೆ ಅಂತ ಕಾದೆ. ಅವಳು ಸೆರಗು ಸರಿಮಾಡಿಕೊಂಡು ಒಳಕ್ಕೆ ಹೋದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಹೋದೆ. ಚಿಕ್ಕಪ್ಪ ಪಡಸಾಲೆಯ ಕತ್ತಲಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ. ಅವನನ್ನು ಮಾತಾಡಿಸಲು ನನ್ನನ್ನು ಬಿಟ್ಟಿರಲಿಲ್ಲ.

ಓದಿದೆ. ಮೇಡಂ ಆದೆ, ಅದೂ ವಿಜ್ಞಾನಕ್ಕೆ. ನೀರು ಆವಿಯಾದರೆ ಎಷ್ಟೋ ಪಟ್ಟು ಹಿಗ್ಗುತ್ತದೆ, ದಾರಿ ಸಿಗದಿದ್ದರೆ ಒಡೆದುಕೊಂಡು ಹೋಗುತ್ತದೆ ಅನ್ನುವ ಪಾಠ ಬಂದಾಗ ನನ್ನ ದನಿ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತಂತೆ. ಮಕ್ಕಳು ಹೆದರಿ ಬರೆದುಕೊಳ್ಳುತ್ತಿದ್ದವು. ಪಾಂಡವಪುರದಲ್ಲೇ ಮದುವೆ, ಮನೆ, ಮಕ್ಕಳು, ರಿಟೈರ್‌ಮೆಂಟು ಎಲ್ಲ ಆಯಿತು. ನಂಟರಿಗೆ ಮಾತ್ರ ನಾನು ಕರಿನಾಲಿಗೆಯ ರತ್ನಳೇ. ಮದುವೆ ಮನೆಗೆ ಕಾಲಿಟ್ಟರೆ "ರತ್ನಕ್ಕ ಬಂದವ್ರೆ, ಅವ್ರ ಬಾಯಿಗೆ ಮೊದ್ಲು ಸಿಹಿ ಹಾಕ್ರಪ್ಪ" ಅನ್ನುತ್ತಾರೆ, ನಗುತ್ತಾ. ಪರೀಕ್ಷೆಗೆ ಹೋಗುವವರು ಫೋನು ಮಾಡಿ "ಪಾಸಾಗ್ತೀಯ ಅಂತ ಒಂದು ಮಾತು ಅಂದ್ಬುಡಿ ದೊಡ್ಡಮ್ಮ" ಅನ್ನುತ್ತಾರೆ. ಓದಿದ್ದೀಯೇನೋ ಅಂತ ಕೇಳಿದರೆ ಫೋನು ಇಡುತ್ತಾರೆ. ಮೈಯೆಲ್ಲ ಉರಿಯುತ್ತದೆ. ಅಜ್ಜಿ ಹೋದಳು, ಅಪ್ಪ ಹೋದ. ಸಾಯುವ ವಾರದಲ್ಲೂ ಅಪ್ಪನ ಹಾಸಿಗೆ ಪಕ್ಕ ಕೂತು ಕಾದೆ. ಅವನು ಹೊಲದ ವಿಷಯ ಹೇಳಿದ, ಹಸುವಿನ ವಿಷಯ ಹೇಳಿದ, ಮಣ್ಣಿನ ವಿಷಯ ಹೇಳಲಿಲ್ಲ. ನನಗೆ ಬೇಕಾಗಿದ್ದದ್ದು ಕ್ಷಮೆ ಅಲ್ಲ. ಆ ಮನೆಯವರು ಯಾರಾದರೂ ಒಬ್ಬರು, 'ಅವತ್ತು ಮಣ್ಣು ಹಸಿ ಇತ್ತು, ಮಗು ಹೇಳಿದ್ದು ನಿಜ' ಅಂತ ಒಂದು ಸಲ ಅನ್ನಬೇಕಾಗಿತ್ತು. ಉಳಿದವನು ಚಿಕ್ಕಪ್ಪ ಒಬ್ಬನೇ.

ಅವನನ್ನು ಮೊನ್ನೆ ಆಪರೇಷನ್ನಿಗೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಬಲಗಣ್ಣಿಗೂ ಪೊರೆ ಬಂದು ಈಗ ನನ್ನ ಮುಖವೂ ಅವನಿಗೆ ಮಸುಕು. ಹೆಸರು ಕರೆಯುವ ತನಕ ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದೆವು. ಹಸಿರು ಟೋಪಿ ಹಾಕಿಕೊಂಡು, ಪಂಚೆಯ ಚುಂಗು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ. ಆಮೇಲೆ ನನ್ನ ಕೈ ತಡವಿ ಹಿಡಿದುಕೊಂಡ.

"ರತ್ನ, ಒಳ್ಳೇದಾಗ್ತದೆ ಅಂತ ನಿನ್ ಬಾಯಲ್ಲಿ ಒಂದ್ ಮಾತು ಅನ್ನವ್ವ. ನಿನ್ ನಾಲ್ಗೇಲಿ ಬಂದ್ರೆ ನಂಗೆ ಧೈರ್ಯ."

ನೋಡಿ! ಐವತ್ತು ವರ್ಷ ಆದಮೇಲೂ ಅದೇ ನಾಲಿಗೆ.

"ಮೊದ್ಲು ನೀನೊಂದು ಮಾತು ಹೇಳು ಚಿಕ್ಕಪ್ಪ. ಅವತ್ತು ಮಣ್ಣು ಹಸಿ ಇತ್ತೋ ಇಲ್ವೋ?"

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಸುಲಿಯುತ್ತಿದ್ದಳು.

"ಇತ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಕಣವ್ವ. ವತ್ತಾರೆ ನಿನಗಿಂತ ಮೊದ್ಲೇ ನಾನೂ ಕೆದಕಿ ಬಾಯಿಗಿಟ್ಟಿದ್ದೆ. ನಂದೂ ಜಾರ್ತು. ಎಲೆಯಡ್ಕೆ ಬಾಯಿ, ಸರಿಯಾಗಿ ಗೊತ್ತಾಗ್ಲಿಲ್ವೇನೋ ಅಂದ್ಕಂಡೆ. ನೀನು ಬಂದು ಹೇಳ್ದಾಗ ಗ್ಯಾರಂಟಿ ಆಯ್ತು."

"ಮತ್ಯಾಕೆ ಬಾಯಿ ಬುಡ್ಲಿಲ್ಲ?"

"ಮಂಗ್ಳಾರತಿ ಎತ್ತಿಬುಟ್ಟಿದ್ರಲ್ಲವ್ವ. ನೀನೂ ಬುಡ್ತು ಅಂದೆ. ನಾನೂ ಮನಸ್ನಲ್ಲೇ ಬುಡ್ತು ಅಂದ್ಕಂಡು ಮೂಸೆ ಎತ್ತುದೆ."

ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳು. ಕೈ ಕಿತ್ತುಕೊಂಡೆ. ಹಸಿ ಅಂತ ಗೊತ್ತಿದ್ದೂ ಮೂಸೆ ಎತ್ತಿದ್ದಾನೆ, ಕಣ್ಣು ಕಳೆದುಕೊಂಡಿದ್ದಾನೆ, ಅದಾದ ಮೇಲೂ ಹನ್ನೊಂದು ವರ್ಷದ ನನ್ನ ಹಣೆಗೆ ಅದನ್ನು ಕಟ್ಟಿದಾಗ ಸುಮ್ಮನೆ ಮಲಗಿದ್ದಾನೆ. ಏನು ಮನುಷ್ಯ ಇವನು, ಏನು ಮನೆ ಅದು! ಅವನು ಅತ್ತಿತ್ತ ಕುರುಡುಕುರುಡಾಗಿ ನೋಡಿ ದನಿ ಇಳಿಸಿದ.

"ಒಳಿಕ್ಕೆ ಹೋಗೋ ಹೊತ್ನಲ್ಲಿ ಅದೆಲ್ಲ ಆಡ್ಬಾರ್ದು ರತ್ನ. ಬುಡ್ತು ಅನ್ನವ್ವ."

"ಅನ್ನಕ್ಕಿಲ್ಲ."

"ಅನ್ನವ್ವ, ನನ್ನವ್ವ."

"ಅನ್ನಕ್ಕಿಲ್ಲ ಚಿಕ್ಕಪ್ಪ. ಒಂದ್ಸಲ ಅಂದಿದ್ದೇ ಸಾಕು."

ನರ್ಸು ಬಾಗಿಲಲ್ಲಿ ನಿಂತು ಹೆಸರು ಕರೆದಳು. ಅವನು ಗೋಡೆ ಹಿಡಿದು ಎದ್ದ. ಕತ್ತಿನ ಮೇಲಿನ ಆ ಹಳೇ ಸುಟ್ಟ ಕಲೆಯ ಸುತ್ತ ಬೆವರಿತ್ತು. ನರ್ಸಿನ ಕೈ ಹಿಡಿದುಕೊಂಡವನು ಬಾಗಿಲ ಹತ್ತಿರ ನಿಂತುಬಿಟ್ಟ. ನನ್ನ ಕಡೆ ತಿರುಗಿದ, ನಾನಿದ್ದ ಕಡೆಗಲ್ಲ, ಒಂದು ಗೇಣು ಪಕ್ಕಕ್ಕೆ.

"ಹೋಗು, ಕಣ್ಣು ಬತ್ತದೆ" ಅಂದೆ.

"ಹೋಗು ಅನ್ಬಾರ್ದು ಕಣವ್ವ."

"ಹೋಗ್ಬಾ."

ಬಾಗಿಲು ಮುಚ್ಚಿಕೊಂಡಿತು. ನಾನು ಕೂತಲ್ಲೇ ಒಂದು ತುಂಡು ಮರ ಎಲ್ಲಾದರೂ ಇದೆಯಾ ಅಂತ ನೋಡಿದೆ. ಬೆಂಚು ಕಬ್ಬಿಣದ್ದು, ಬಾಗಿಲು ಅಲ್ಯುಮಿನಿಯಂ, ಕೆಳಗೆ ಟೈಲ್ಸು. ಎದುರು ಬೆಂಚಿನ ಹೆಂಗಸು ಏನು ಹುಡುಕ್ತಿದ್ದೀರಿ ಅಂತ ಕೇಳಿದಳು. ಏನೂ ಇಲ್ಲ ಅಂದೆ.